ಉಪ್ಪು ಕೊಟ್ಟವರು

ತೀರಿಹೋದವರನ್ನು ಒಂದು ಗಳಿಗೆ ಮನೆಗೆ ಕರೆಸಬೇಕಾದರೆ ನಾಲಗೆಯ ಒಂದು ರುಚಿಯನ್ನು ಕೊಡಬೇಕು. ಕೊಟ್ಟದ್ದು ತಿರುಗಿ ಬರುವುದಿಲ್ಲ. ಪಕ್ಕದ ಮನೆಯ ಮಲ್ಲಪ್ಪಜ್ಜ ಹೆಂಡತಿಗಾಗಿ ಸಿಹಿ ಕೊಟ್ಟು ಈಗ ಹೋಳಿಗೆಯನ್ನು ಮಣ್ಣಿನಂತೆ ಜಗಿಯುತ್ತಾನೆ. ತಾಯಿಗಾದರೆ ಉಪ್ಪನ್ನೇ ಕೊಡಬೇಕು. ಕಸ್ತೂರಿ ಬೆಳಿಗ್ಗೆಯೇ ಅವ್ವನ ಸಮಾಧಿಗೆ ಹೋಗಿ ಕೊಟ್ಟು ಬಂದಳು.

"ಉಪ್ಪಿಗಿಂತ ರುಚಿಯಿಲ್ಲ ಅಂತಾರವ್ವಾ!" ಎಂದು ಮಗಳು ಶಾಂಭವಿ ಗದರಿದಳು.

"ಅದರ ಮುಂದಿನ ಮಾತು ನೀ ಕೇಳಿಲ್ಲೇನು?"

ಸಂಜೆ ಕಸ್ತೂರಿಯ ಅವ್ವ ನಿಂಬೆವ್ವ ಬಂದಳು. ಹೊಸ್ತಿಲಲ್ಲಿ ಕಾಲೊರೆಸಿಕೊಂಡು ಮೊಮ್ಮಗಳ ಗಲ್ಲ ಹಿಡಿದಳು. "ಎಷ್ಟು ಬಡಕಲಾಗೀ! ನಿಮ್ಮವ್ವ ಉಣ್ಣಾಕ ಹಾಕೂದಿಲ್ಲೇನು?"

"ನೀನೇ ಕೇಳಜ್ಜಿ. ಇವತ್ತು ಸಾರಲ್ಲ, ಸಮುದ್ರ ಮಾಡ್ಯಾಳ."

ಕಸ್ತೂರಿ ತಲೆ ತಗ್ಗಿಸಿದಳು. ಇನ್ನು ಮೇಲೆ ತನ್ನ ಕೈಯಡುಗೆಯನ್ನು ಯಾರೂ ಉಣ್ಣಲಾರರೆಂಬ ಭಯ ಅವಳಿಗೆ ಆಗಲೇ ಹುಟ್ಟಿತ್ತು.

ನಿಂಬೆವ್ವ ನಕ್ಕಳು. ಮಗಳ ಕೈ ಎಳೆದುಕೊಂಡು, ಬೆರಳು ಮಡಿಸಿ, ಅಂಗೈಯ ಕುಳಿಗೆ ಹರಳುಪ್ಪು ಸುರಿದಳು. "ಈ ಗೆರಿ ಮುಚ್ಚಬೇಕು, ಆ ಗೆರಿ ಕಾಣಬೇಕು. ಅಷ್ಟ. ಇದಕ್ಯಾಕ ನಾಲಗಿ?"

"ನಿನಗ್ಯಾರು ಹೇಳಿದ್ರವ್ವಾ?"

"ನಮ್ಮವ್ವ. ನೀ ಹುಟ್ಟೂ ಮೊದಲು ನಾನೂ ಆಕೀನ ಕರದಿದ್ನಲ್ಲ."

ಕಸ್ತೂರಿ ಬೆರಗಾಗಿ ನೋಡುತ್ತಲೇ ನಿಂತಳು. ಇಡೀ ಓಣಿ ಬೆರಳು ಚೀಪಿದ ಆ ಸಾರನ್ನೆಲ್ಲ ಅವ್ವ ಉಪ್ಪಿನ ರುಚಿಯೇ ತಿಳಿಯದೆ ಮಾಡಿ ಬಡಿಸಿದ್ದಳು. ಒಂದು ದಿನವೂ ಹೇಳಿರಲಿಲ್ಲ.

ಗಳಿಗೆ ಮುಗಿದು ನಿಂಬೆವ್ವ ಹೋದಳು. ಕಸ್ತೂರಿ ಆ ಅಳತೆಯಲ್ಲೇ ಹೊಸ ಸಾರಿಟ್ಟಳು. ಶಾಂಭವಿ ಒಂದು ತುತ್ತು ಉಂಡು, ಮತ್ತೆ ತಟ್ಟೆ ಚಾಚಿದಳು.

ಕಸ್ತೂರಿಯ ನಾಲಗೆಯಿಂದ ಉಪ್ಪು ಹೋಯಿತು. ಅಂಗೈಗೆ ಅವ್ವನ ಅಳತೆ ಬಂತು.