ತೂತಿನ ಬಟ್ಟಲು

"ಅಪ್ಪಾ, ಹೊತ್ತು ಮುಳುಗ್ತಾ ಬಂತು, ಆ ಬಟ್ಟಲು ಮಾತ್ರ ಮುಳುಗ್ತಿಲ್ಲ! ನನ್ನ ಸರದಿ ಇನ್ಯಾವಾಗ ಬರೋದು?" ಎಂದಳು ಇಜ್ಜಾ.

ಮೊರಾಕೊದಲ್ಲಿ ಸುಲ್ತಾನರು ಆಳುತ್ತಿದ್ದ ಕಾಲ. ಮರುಭೂಮಿಯ ಆ ಊರಿನಲ್ಲಿ ಕಾಲುವೆಯ ನೀರಿನ ಸರದಿಯನ್ನು ಅಳೆಯುತ್ತಿದ್ದುದು ತಳದಲ್ಲಿ ತೂತಿದ್ದ ತಾಮ್ರದ ಬಟ್ಟಲು. ನೀರಳೆಯುವ ಹಮ್ಮುಜ್ಜ ತೊಟ್ಟಿಯಲ್ಲಿ ತೇಲಿಬಿಟ್ಟ ಅದು ತುಂಬಿ ಮುಳುಗಿದರೆ ಒಂದು ಅಳತೆ. ಮನೆಗೆ ಎಂಟು ಅಳತೆ. ಸೂರ್ಯ ಮುಳುಗಿದರೆ ನೀರು ಪಕ್ಕದ ಊರಿಗೆ. ಅಂದು ಮೊದಲ ಸರದಿ ಅಪ್ಪನದು, ಕೊನೆಯದು ಮಗಳದು. ವಿಧವೆ ಇಜ್ಜಾಳ ಎಳೆಯ ಖರ್ಜೂರದ ಗಿಡಗಳು ಇನ್ನೊಂದು ಸರದಿಯವರೆಗೆ ಬದುಕುವಂತಿರಲಿಲ್ಲ.

"ಹಮ್ಮುಜ್ಜನನ್ನ ನೀನಾದ್ರೂ ಕೇಳಪ್ಪಾ. ಬೆಳಿಗ್ಗೆಯಿಂದ ಎಲ್ಲರಿಗೂ ಧಾರಾಳ, ನನಗೊಬ್ಬಳಿಗೇ ಬರಗಾಲವಾ?"

ಅಪ್ಪ ಕೂತಲ್ಲಿ ಕೂರಲಾರದೆ ಎದ್ದ, ಮತ್ತೆ ಕೂತ. "ಸುಮ್ನಿರು ಮಗಳೇ. ಹಿರಿಯರನ್ನ ಅನುಮಾನಿಸಬಾರದು."

"ನಿನ್ನ ತೋಟ ಕೆರೆಯಾಗಿದೆ, ನೀನ್ಯಾಕೆ ಕೇಳ್ತೀಯ!" ಎಂದವಳೇ ತೊಟ್ಟಿಯ ಬಳಿಗೆ ಓಡಿದಳು. "ಅಜ್ಜಾ, ಒಂದ್ಸಲ ಅದನ್ನ ಎತ್ತಿ ನೋಡು!"

ಹಮ್ಮುಜ್ಜ ಬಟ್ಟಲನ್ನೆತ್ತಿ ಬೆಳಕಿಗೆ ಹಿಡಿದ. ತೂತಿನ ಅರ್ಧಕ್ಕೆ ಜೇನುಮೇಣ ಮೆತ್ತಿತ್ತು; ಬಟ್ಟಲು ನಿಧಾನವಾಗಿ ತುಂಬಿ, ಬೆಳಿಗ್ಗೆಯಿಂದ ಪ್ರತಿ ಸರದಿಯೂ ಹಿಗ್ಗಿತ್ತು.

"ಬೆಳಿಗ್ಗೆ ಇದನ್ನ ತೊಳೆದಿಟ್ಟೋರು ಯಾರು?"

ಸೂರ್ಯ ಮುಳುಗಿದ, ಊರಿನ ಕಾಲುವೆಗೆ ಅಡ್ಡಹಲಗೆ ಬಿತ್ತು. ಮಗಳ ಹಿಂದೆಯೇ ಬಂದಿದ್ದ ಅಪ್ಪ ಮೇಣ ಅಂಟಿದ ಹೆಬ್ಬೆರಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ.