ಕಿಟಕಿಗೆ ಒಂದು ರೂಪಾಯಿ

“ಒಂದು ಕಿಟಕಿಗೆ ಒಂದು ರೂಪಾಯಿ,” ಎಂದ ಬ್ಯಾಪ್ಟಿಸ್ಟ್.

ಜಗಲಿಯ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಬೆಚ್ಚಿಬೀಳಲಿಲ್ಲ, ನಗಲೂ ಇಲ್ಲ. ಬೆಳ್ಳುಳ್ಳಿ ಬಿಡಿಸುತ್ತಲೇ, ಹೋದ ವರ್ಷ ಅರ್ಧ ರೂಪಾಯಿ ಇತ್ತಂತಲ್ಲ ಎಂದು ಕೇಳಿದಳು.

ಇತ್ತು. ಆ ಅರ್ಧ ರೂಪಾಯಿಯೇ ಬ್ಯಾಪ್ಟಿಸ್ಟನನ್ನು ಮುಳುಗಿಸಿತ್ತು. ಬೊಂಬಾಯಿಯಲ್ಲಿ ಗಾಜು ಒರೆಸುವುದನ್ನು ಕಲಿತು, ಕಾಪುವಿಗೆ ಮರಳಿ, ಊರಲ್ಲಿ ಯಾರೂ ಮಾಡದ ಉದ್ಯೋಗ ಹಿಡಿದಿದ್ದ. ಕೆಲಸಕ್ಕೇನೂ ಕೊರತೆಯಿರಲಿಲ್ಲ. ಮಣಿಪಾಲದಲ್ಲಿ, ಕಾರ್ಕಳದಲ್ಲಿ, ಎಲ್ಲಿ ನೋಡಿದರೂ ಮರದ ಬಾಗಿಲಿನ ಕಿಟಕಿ ಹೋಗಿ ಗಾಜು ಬರುತ್ತಿತ್ತು. ಆದರೆ ಬೆಲೆ ಕಟ್ಟುವುದು ಮಾತ್ರ ಅವನಿಗೆ ಒಲಿದಿರಲಿಲ್ಲ. ಜನ ಕೇಳಿದಷ್ಟಕ್ಕೆ ಒಪ್ಪಿಕೊಂಡು, ಕೊನೆಗೆ ಬಸ್ಸಿನ ಚಾರ್ಜಿಗೂ ಕೈಯಿಂದಲೇ ಹಾಕುತ್ತಿದ್ದ. ಅದರ ಮೇಲೆ ಮೇ ತಿಂಗಳಿಂದ ಒಳ್ಳೆಯ ಆಳು ಕ್ಲಾರೆನ್ಸ್ ಕೆಲಸಕ್ಕೆ ಬಾರದೆ ಮನೆಯಲ್ಲೇ ಕೂತಿದ್ದ. ಈಗಿನವನು ಏಣಿ ಹತ್ತುವ ಮೊದಲು ನಾಲ್ಕು ಸಲ ಅಲುಗಾಡಿಸಿ ನೋಡುತ್ತಾನೆ. ಹೊಸ ಏಣಿಯಾದರೂ ನಂಬುವುದಿಲ್ಲ.

ಈ ಸಲ ಬೆಲೆ ನಿಲ್ಲಲೇಬೇಕಿತ್ತು. ಇಲ್ಲವಾದರೆ ಏಣಿ ಮಾರಿ ಮತ್ತೆ ಬೊಂಬಾಯಿಯ ದಾರಿ ಹಿಡಿಯುವುದೇ ಗತಿ. ಬೆಲೆ ನಿಲ್ಲಿಸುವುದಕ್ಕೆ ಇದೇ ಮನೆ ಬೇಕು. ಕ್ರಿಸ್‌ಮಸ್ಸಿಗೆ ಮೊದಲು ಈ ಶಿರ್ವ ಊರಿನವರೆಲ್ಲ ಸುಣ್ಣ ಬಳಿಸುತ್ತಾರೆ, ಕಿಟಕಿ ಒರೆಸುತ್ತಾರೆ. ಯಾವ ಕೆಲಸಕ್ಕೆ ಎಷ್ಟು ಎಂದು ಇಲ್ಲಿನ ಜಮೀನ್ದಾರ ಅಲೆಕ್ಸಾಂಡರ್ ಧನಿಯ ಜಗಲಿಯಲ್ಲಿ ಒಮ್ಮೆ ನಿಶ್ಚಯವಾದರೆ ಊರಿಗೆಲ್ಲ ಅದೇ. ಇಲ್ಲಿ ಒಂದು ರೂಪಾಯಿ ಎಂದಾದರೆ ಎಲ್ಲ ಕಡೆಯೂ ಒಂದು ರೂಪಾಯಿ.

ಧನಿಯನ್ನು ನೋಡಬೇಕೆಂದು ಬಂದರೆ ಈ ಹೆಂಗಸು ಎದುರಾಗಿದ್ದಳು. ಬೆಲೆ ತಾನೇ ಮಾತಾಡಬೇಕೆಂದು ಧನಿಗಳು ಹೇಳಿದ್ದಾರೆ ಎಂದಳು. ಅವನು ಕೊಂಕಣಿಯಲ್ಲಿ ಶುರುಮಾಡಿದರೂ ಅವಳು ಕನ್ನಡ ಬಿಡಲಿಲ್ಲ. ಈ ಮನೆಯ ಸೊಸೆಯಿರಬೇಕು, ನನ್ನನ್ನು ದೂರ ಇಡುತ್ತಿದ್ದಾಳೆ ಎಂದುಕೊಂಡ. ಅವಳ ಕುತ್ತಿಗೆ ಬೋಳಾಗಿತ್ತು. ದೊಡ್ಡ ಮನೆಯವರು ಚಿನ್ನವನ್ನು ಪೆಟ್ಟಿಗೆಯಲ್ಲೇ ಇಡುತ್ತಾರೆ, ಮೆರೆಸುವುದು ನಮ್ಮಂಥವರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಲೆಕ್ಕ ಬಿಡಿಸಿ ಹೇಳಬೇಕೆಂದಳು. ನಮ್ಮ ಕಡೆ ಬಂಗುಡೆ ಮೀನು ಕೊಳ್ಳುವಾಗಲೂ ಹಾಗೆಯೇ. ಬೆಲೆ ಹೇಳಿದರೆ ಸಾಲದು, ಅದು ನ್ಯಾಯವೆಂದು ಒಪ್ಪಿಸಬೇಕು. ಬ್ಯಾಪ್ಟಿಸ್ಟ್ ಒಪ್ಪಿಸತೊಡಗಿದ. ಏಣಿ ಹತ್ತುವವನ ಕೂಲಿಗೆ ನಲವತ್ತು ಪೈಸೆ. ಸೋಡಾಪುಡಿ, ಬಟ್ಟೆ, ಬಸ್ಸಿನ ಮೇಲೆ ಏಣಿ ಹೇರುವ ಚಾರ್ಜು ಎಲ್ಲ ಸೇರಿ ಇಪ್ಪತ್ತು. ಕಾಪುವಿನ ಮನೆಗಳಲ್ಲಾದರೆ ಗಾಜಿಗೆ ಕಡಲಿನ ಉಪ್ಪು ಹಿಡಿದು ಇನ್ನೂ ಹೆಚ್ಚು ಬೀಳುತ್ತದೆ, ಅದನ್ನು ಇಲ್ಲಿ ಸೇರಿಸಿಲ್ಲ ಎಂದ.

“ಉಳಿದ ನಲವತ್ತು ಎಂತಕ್ಕೆ?”

ಇಪ್ಪತ್ತು ತನ್ನ ಮನೆಯ ಅಕ್ಕಿಗೆ ಎಂದ. ಅವಳು ತಲೆಯಾಡಿಸಿದಳು. ಹಾಗಾದರೆ ಎಂಬತ್ತು ಪೈಸೆ ಸರಿಯಾಯಿತು, ಅಷ್ಟಕ್ಕೇ ಮುಗಿಸೋಣ ಎಂದಳು. ಬೆಳ್ಳುಳ್ಳಿಯ ತಟ್ಟೆ ಹಿಡಿದು ಏಳಲು ಹೊರಟಳು.

ಬ್ಯಾಪ್ಟಿಸ್ಟನಿಗೆ ಹೆದರಿಕೆಯಾಯಿತು. ಅವಳು ಒಳಗೆ ಹೋದರೆ ಎಂಬತ್ತೇ ಗಟ್ಟಿಯಾಗುತ್ತದೆ, ನಾಳೆ ಇನ್ನೊಬ್ಬರು ಎಪ್ಪತ್ತು ಎನ್ನುತ್ತಾರೆ. ಉಳಿದ ಇಪ್ಪತ್ತಕ್ಕೆ ಏನಾದರೊಂದು ಹೆಸರು ಬೇಕಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ, ಆದರೆ ಬಾಯಿ ಬಿಡದೆ ಯಾರ ವ್ಯಾಪಾರ ನಡೆದದ್ದುಂಟು?

“ಬಾಯಮ್ಮ, ಉಳಿದ ಇಪ್ಪತ್ತು ಪೈಸೆ ನನ್ನದಲ್ಲ,” ಎಂದ. “ಏಣಿ ಹತ್ತಿದವನು ಮೇಲಿನಿಂದ ಬಿದ್ದು ಕೈಕಾಲು ಮುರಿದರೆ ಅವನ ಮನೆಯವರು ಎಂತ ಮಾಡುವುದು? ಅದಕ್ಕೆಂದು ತೆಗೆದಿಡುವ ದುಡ್ಡು ಅದು.”

ಅವಳು ಮತ್ತೆ ಕೂತಳು. ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೆಯೇ ನಿಂತಿತು.

“ಈ ವರ್ಷದಿಂದ ತೆಗೆದಿಡುವುದಾ?”

ಮೀನು ಗಾಳ ಕಚ್ಚಿತೆಂದು ಬ್ಯಾಪ್ಟಿಸ್ಟನಿಗೆ ಅನಿಸಿತು. ಶುರುವಿನಿಂದಲೂ ಹಾಗೆಯೇ, ಮೂರು ವರ್ಷದಿಂದ, ಅರ್ಧ ರೂಪಾಯಿ ಇದ್ದಾಗಲೂ ತಾನು ಅದನ್ನು ಮುಟ್ಟಿದವನಲ್ಲ ಎಂದ. ಬೇಕಾದರೆ ಇಗರ್ಜಿಯ ಮೆಟ್ಟಿಲ ಮೇಲೆ, ಪಾದ್ರಿಗಳ ಎದುರು ನಿಂತು ಹೇಳುವುದಕ್ಕೂ ಸೈ ಎಂದ.

“ಯಾರಿಗಾದರೂ ಕೊಟ್ಟದ್ದುಂಟಾ?”

“ದೇವರ ದಯೆ, ಇದುವರೆಗೆ ಅಂಥದ್ದು ಬರಲಿಲ್ಲ. ದುಡ್ಡು ಹಾಗೇ ಉಂಟು.”

ಅವಳು ಅವನ ಮುಖವನ್ನೇ ನೋಡಿದಳು. ಆ ನೋಟ ಅವನಿಗೆ ಅಷ್ಟು ಹಿಡಿಸಲಿಲ್ಲ. ಆಮೇಲೆ, ಬೆಲೆ ನ್ಯಾಯವಾಗಿದೆ, ಒಂದು ರೂಪಾಯಿಗೆ ತನ್ನ ತಕರಾರಿಲ್ಲ ಎಂದಳು. ಬ್ಯಾಪ್ಟಿಸ್ಟ್ ಹೆಂಡತಿಗೆ ಹೇಳುವ ಮಾತನ್ನು ಆಗಲೇ ಮನಸ್ಸಿನಲ್ಲಿ ಜೋಡಿಸತೊಡಗಿದ.

ಒಳಗಿನಿಂದ ಅಲೆಕ್ಸಾಂಡರ್ ಧನಿ ಬಂದರು. ಬಾಗಿಲ ಹಿಂದೆಯೇ ಕೂತಿದ್ದವರಂತೆ ಕಂಡರು. ಎಲ್ಲವನ್ನೂ ಕೇಳಿದೆ, ಶಿರ್ವದಲ್ಲಿ ಇನ್ನು ಕಿಟಕಿಗೆ ಒಂದು ರೂಪಾಯಿಯೇ, ಯಾರೂ ಎದುರು ಮಾತಾಡುವುದಿಲ್ಲ ಎಂದರು. ಬ್ಯಾಪ್ಟಿಸ್ಟ್ ಕೈ ಮುಗಿದ.

“ಆದರೆ ಕೆಲಸ ಶುರು ಮಾಡುವ ಮೊದಲು,” ಎಂದರು ಧನಿ, “ಮೂರು ವರ್ಷ ತೆಗೆದಿಟ್ಟದ್ದನ್ನು ತಂದು ಇವಳ ಕೈಗೆ ಕೊಡು.”

“ಇವರಿಗೆ ಎಂತಕ್ಕೆ ಧನಿ?” ಎಂದ ಬ್ಯಾಪ್ಟಿಸ್ಟ್. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮೇ ತಿಂಗಳಲ್ಲಿ ಕಾರ್ಕಳದ ಮನೆಯೊಂದರಲ್ಲಿ ಏಣಿ ಮುರಿದು ಬಿದ್ದು, ಅಂದಿನಿಂದ ಕೆಮ್ಮಣ್ಣು ಊರಿನ ತನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಕ್ಲಾರೆನ್ಸನನ್ನು ನೋಡಲು ಅವನು ಒಂದು ಸಲವೂ ಹೋಗಿರಲಿಲ್ಲ; ಹೋಗಿದ್ದರೆ, ಇಷ್ಟು ಹೊತ್ತು ತನ್ನೊಡನೆ ಚೌಕಾಸಿ ಮಾಡಿದವಳು ಕ್ಲಾರೆನ್ಸನ ಹೆಂಡತಿಯೆಂದು ಗುರುತು ಸಿಗುತ್ತಿತ್ತು.