ಭಂಡಾರ ಹತ್ತಿದ ರ‍್ಯಾಮ್

"ಮುಟ್ಟಬ್ಯಾಡ, ಅಂಗಡಿಗೆ ಒಯ್ತೀನಿ," ಎಂದು ಜಂಬುನಾಥ ತಂಗಿ ಚಂದನಾಳ ಕಂಪ್ಯೂಟರಿಗೆ ಕೈ ಹಾಕಿದ. ಬಿಡಿಭಾಗ ತಂದು ಅವಳೇ ಜೋಡಿಸಿದ್ದ ಯಂತ್ರ. ಹೊಸ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್, ಹಾಕಿದಾಗಿನಿಂದ ಪರದೆ ಕಪ್ಪಾಗಿ, ಬೀಪ್ ಬೀಪ್ ಎಂದು ಕೂಗುತ್ತಿತ್ತು. "ರಿಪೇರಿ ಆತಂದ್ರ ಇನ್ನ ಮ್ಯಾಲೆ ನನ್ನ ರೂಮಿನಾಗ ಇರ್ತೈತಿ. ಹೆಣ್ಣುಮಕ್ಕಳು ಸ್ಕ್ರೂ ತಿರುವಿದ್ರ ಹಿಂಗ."

"ಕೈ ತೆಗಿ, ಅಣ್ಣ." ಚಂದನಾ ರ‍್ಯಾಮ್ ಕಿತ್ತು ಬೆಳಕಿಗೆ ಹಿಡಿದಳು. ಅದರ ಅಂಚಿನ ಚಿನ್ನದ ಬಣ್ಣದ ಲೋಹದ ಹಲ್ಲುಗಳ ಮೇಲೆ ಅರಿಷಿಣ ಒಣಗಿತ್ತು. ಹಳದಿಯ ಮೇಲೆ ಹಳದಿ, ಹಾಕುವಾಗ ಕಂಡೇ ಇರಲಿಲ್ಲ.

"ಮೈಲಾರಪ್ಪನ ಭಂಡಾರ ಅದು, ಗುಡಿಯಾಗ ಕೊಟ್ಟ ಪ್ರಸಾದದ ಅರಿಷಿಣ," ಎಂದಳು ಬಾಗಿಲಲ್ಲಿ ನಿಂತಿದ್ದ ಅವ್ವ. "ಹೊಸ ಸಾಮಾನಂತ ನೀರಾಗ ಕಲಸಿ ನಾನ ಹಚ್ಚೀನಿ. ಒರಸಿ ಗಿರಸೀಯ ಮತ್ತ!"

ಜಂಬುನಾಥನ ಕೈ ತಾನಾಗಿ ಹಿಂದೆ ಸರಿಯಿತು. "ಯಾಕ, ನೀನ ಒರಸು," ಎಂದಳು ಚಂದನಾ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ರಬ್ಬರ್ ತೆಗೆದುಕೊಂಡು, ಅವ್ವನ ಕಣ್ಣೆದುರೇ ಒಂದೊಂದು ಹಲ್ಲನ್ನೂ ಹೊಳೆಯುವಂತೆ ಉಜ್ಜಿದಳು. ರ‍್ಯಾಮನ್ನು ಅದರ ಜಾಗದಲ್ಲಿ ಟಕ್ಕೆಂದು ಕೂರುವವರೆಗೆ ಒತ್ತಿ ಸ್ವಿಚ್ ಹಾಕಿದಳು. ಒಂದೇ ಒಂದು ಬೀಪ್ ಬಂದು ಪರದೆ ಬೆಳಗಿತು.

ಅವ್ವ ಕೈಮುಗಿದಳು. "ನಮ್ಮಪ್ಪ ಮೈಲಾರಲಿಂಗ ಕಾಪಾಡಿದ."

"ಅವ ಅಲ್ಲಬೇ, ನಾನು," ಎಂದಳು ಚಂದನಾ.